ಮಾತೇ ಹಾಡಾದ ಸಿನಿಮಾ: ‘ಲಂಡನ್ ರೋಡ್’ ನೋಡುವುದಕ್ಕೆ ಒಂದು ಕ್ರಮ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಹತ್ತಿಪ್ಪತ್ತು ಜನ ಸೇರಿ ಸಿನಿಮಾ ನೋಡುವ ಸಣ್ಣ ಗುಂಪುಗಳಿವೆ. ಯಾರದೋ ಮನೆಯ ಜಗಲಿ, ಇಲ್ಲವೇ ಶಾಲೆಯ ಹಾಲು. ನನಗೆ ಗೊತ್ತಿರುವ ಇಂಥ ಗುಂಪುಗಳಲ್ಲಿ 2015ರ ಬ್ರಿಟಿಷ್ ಸಿನಿಮಾ ‘ಲಂಡನ್ ರೋಡ್’ ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತದೆ. ಊರಿನಲ್ಲಿ ನಡೆದ ಕೊಲೆಗಳ ಬಗ್ಗೆ ಒಂದು ಬೀದಿಯ ಜನ ಆಡಿದ ಮಾತನ್ನೇ ಹಾಡಾಗಿಸಿದ, ಸುಮಾರು ಒಂದೂವರೆ ಗಂಟೆಯ ಸಿನಿಮಾ ಅದು. ಹದಿನೈದನೇ ನಿಮಿಷಕ್ಕೆ ಯಾರೋ ಎದ್ದು ಚಹಾ ಮಾಡಲು ಹೋಗುತ್ತಾರೆ, ಅರ್ಧ ಗಂಟೆಗೆ ಬೇರೆ ಸಿನಿಮಾ ಹಾಕುತ್ತಾರೆ.

ದೂರುಗಳೂ ಎಲ್ಲ ಕಡೆ ಅವೇ. “ಇದೆಂತ ಹಾಡು ಮಾರಾಯ್ರೆ, ಒಂದೇ ಮಾತು ಹತ್ತು ಸಲ ಹೇಳ್ತಾರೆ.” “ಕೊಲೆಗಾರನ್ನ ತೋರಿಸೋದೇ ಇಲ್ಲ.” “ಹೀರೋ ಯಾರು ಅಂತ್ಲೇ ಗೊತ್ತಾಗ್ಲಿಲ್ಲ.” ಈ ಮೂರೂ ನಿಜವೇ. ಆದರೆ ಇವು ಸಿನಿಮಾ ಬೇಕೆಂದೇ ಮಾಡಿದ ಕೆಲಸಗಳು. ಅವನ್ನು ಹಿಡಿಯಲು ಕಿವಿ ಮೊದಲೇ ತಯಾರಾಗಿರಬೇಕು. ನಮ್ಮಲ್ಲಿ ಹೆಚ್ಚಿನವರು ಸುಮ್ನೆ ಕೂತು, ಪ್ಲೇ ಒತ್ತಿ, ಕಥೆಗಾಗಿ ಕಾಯುತ್ತಾರೆ. ಈ ಸಿನಿಮಾಕ್ಕೆ ಆ ಕ್ರಮ ಆಗುವುದಿಲ್ಲ. ಮೊದಲು ಕೇಳಬೇಕು, ಆಮೇಲೆ ನೋಡಬೇಕು, ಕಥೆಯ ವಿಚಾರ ಕೊನೆಗೆ.

ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಎರಡನೇ ಹಂತವನ್ನಂತೂ ಬಿಡಲೇಬೇಡಿ.

## ಮೊದಲು ಹೊಂದಿಸಿಕೊಳ್ಳಬೇಕಾದ್ದು

ಸಬ್‌ಟೈಟಲ್ ಇರುವ ಪ್ರತಿ. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಸಬ್‌ಟೈಟಲ್ ಬೇಕು. ಪಾತ್ರಗಳು ಇಂಗ್ಲೆಂಡಿನ ಪೂರ್ವ ಭಾಗದ ಸಫೊಕ್ ಕಡೆಯ ಧಾಟಿಯಲ್ಲಿ ಮಾತಾಡುತ್ತವೆ. ಮಾತುಗಳು ಒಂದರ ಮೇಲೊಂದು ಬೀಳುತ್ತವೆ. ಇಂಟರ್ನೆಟ್ ನಂಬಿ ಕೂರಬೇಡಿ. ಘಟ್ಟದ ಮೇಲೆ ನೆಟ್‌ವರ್ಕ್ ಯಾವಾಗ ಕೈಕೊಡುತ್ತದೆ ಹೇಳಲಾಗದು. ಡಿವಿಡಿ ಇದ್ದರೆ ಅದೇ ಒಳ್ಳೆಯದು, ಇಲ್ಲದಿದ್ದರೆ ಹಣ ಕೊಟ್ಟು ಮೊದಲೇ ಇಳಿಸಿಟ್ಟುಕೊಳ್ಳಿ.

ನಾಟಕದ ಆಡಿಯೊ. 2011ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಇದು ಮೊದಲು ನಾಟಕವಾಗಿ ಬಂತು. ಆ ತಂಡ ಹಾಡಿದ ಹಾಡುಗಳ ಆಲ್ಬಮ್ ಇದೆ. ಮೂರನೇ ಹಂತಕ್ಕೂ ಆರನೇ ಹಂತಕ್ಕೂ ಅದು ಬೇಕು.

ಒಳ್ಳೆಯ ಸ್ಪೀಕರ್. ಟಿವಿಯೊಳಗಿನ ಸ್ಪೀಕರ್ ಸಾಲದು. ಜೂನ್‌ನಿಂದ ಆಗಸ್ಟ್‌ವರೆಗೆ ತಗಡಿನ ಶೀಟು ಹೊದಿಸಿದ ಹಾಲಿನಲ್ಲಿ ಇದನ್ನು ಇಟ್ಟುಕೊಳ್ಳಲೇಬೇಡಿ. ಮಳೆಯ ಸದ್ದಿನಲ್ಲಿ ಸಾಮಾನ್ಯ ಸಿನಿಮಾದ ಕಥೆ ಹೇಗೋ ಗೊತ್ತಾಗುತ್ತದೆ. ಇಲ್ಲಿ ಉಸಿರು, ತಡವರಿಕೆ, ಅರ್ಧಕ್ಕೆ ನಿಂತ ಮಾತು, ಇವುಗಳ ಮೇಲೇ ಎಲ್ಲ ನಿಂತಿದೆ. ಅವು ಕೇಳಿಸದಿದ್ದರೆ ನೋಡಿದ್ದು ದಂಡ. ಮಳೆಗಾಲವೇ ಆದರೆ ಆರ್‌ಸಿಸಿ ಮನೆ ಹುಡುಕಿ, ಇಲ್ಲವೇ ಇಬ್ಬಿಬ್ಬರೇ ಹೆಡ್‌ಫೋನ್ ಹಾಕಿಕೊಂಡು ನೋಡಿ.

ಯುಪಿಎಸ್ ಅಥವಾ ಇನ್ವರ್ಟರ್. ಕರೆಂಟು ಹೋಗಿ ಮಧ್ಯೆ ನಿಂತರೆ ಹಿಂದಿನ ಹಾಡಿನ ಆರಂಭದಿಂದ ಮತ್ತೆ ಹಾಕಿ. ಗುಂಪುಹಾಡು ಅರ್ಧದಿಂದ ಕೇಳಿದರೆ ಬರೀ ಗಲಾಟೆಯಾಗಿ ಕೇಳಿಸುತ್ತದೆ.

ಒಂದು ಪುಟದ ಕನ್ನಡ ಸಾರಾಂಶ. ಗುಂಪಿನಲ್ಲಿ ಇಂಗ್ಲಿಷ್ ಬಾರದವರಿದ್ದರೆ ಒಬ್ಬರು ಮೊದಲೇ ನೋಡಿ, ಯಾವ ಜಾಗದಲ್ಲಿ ಯಾರು ಏನು ಹೇಳುತ್ತಾರೆ ಎಂದು ಒಂದು ಪುಟ ಬರೆದು ಹಂಚಿ. ಪಕ್ಕದಲ್ಲಿ ಕೂತು ಸಾಲು ಸಾಲಿಗೆ ಅನುವಾದ ಹೇಳುತ್ತಾ ಹೋಗುವವರಿಂದ ಈ ಸಿನಿಮಾ ಕೆಟ್ಟಷ್ಟು ಬೇರೆ ಯಾವುದರಿಂದಲೂ ಕೆಡುವುದಿಲ್ಲ.

ಇದು ದೊಡ್ಡವರ ಸಿನಿಮಾ. ಕೊಲೆ, ಲೈಂಗಿಕ ವೃತ್ತಿ, ಮಾದಕ ವಸ್ತು ಎಲ್ಲದರ ಮಾತೂ ಬರುತ್ತದೆ. ಹಾಡಿನ ಸಿನಿಮಾ ಎಂದು ಮಕ್ಕಳನ್ನು ಕೂರಿಸಿಕೊಳ್ಳಬೇಡಿ.

## ಹಂತ 1: ಕಥೆಯನ್ನು ಮೊದಲೇ ಹೇಳಿಬಿಡಿ

ಗುಟ್ಟು ಉಳಿಸಿಕೊಳ್ಳುವ ಅಗತ್ಯವಿಲ್ಲ. ಗುಂಪಿಗೆ ಇಷ್ಟನ್ನು ಜೋರಾಗಿ ಓದಿ ಹೇಳಿ:

ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನಲ್ಲಿ 2006ರ ಕೊನೆಯಲ್ಲಿ ಐದು ಹೆಣ್ಣುಮಕ್ಕಳ ಕೊಲೆಯಾಯಿತು. ಐವರೂ ಲೈಂಗಿಕ ವೃತ್ತಿಯಲ್ಲಿದ್ದವರು. ಅದೇ ಡಿಸೆಂಬರಿನಲ್ಲಿ ಲಂಡನ್ ರೋಡ್ ಎಂಬ ಬೀದಿಯ ಬಾಡಿಗೆದಾರನೊಬ್ಬನ ಬಂಧನವಾಯಿತು. 2008ರ ಫೆಬ್ರುವರಿಯಲ್ಲಿ ಅವನ ಅಪರಾಧ ಸಾಬೀತಾಗಿ ಶಿಕ್ಷೆಯಾಯಿತು. ಅಲೆಕಿ ಬ್ಲೈಥ್ ಎಂಬ ನಾಟಕಕಾರ್ತಿ ಆ ಊರಿಗೆ ಹೋಗಿ ಜನರ ಮಾತನ್ನು ರೆಕಾರ್ಡ್ ಮಾಡಿಕೊಂಡರು. ಮತ್ತೆ ಹೋದಾಗ, ಕೆಟ್ಟ ಹೆಸರು ಹೊತ್ತ ಆ ಬೀದಿಯವರು ಮನೆ ಮುಂದಿನ ಹೂದೋಟಗಳ ಸ್ಪರ್ಧೆ ಇಟ್ಟುಕೊಂಡಿದ್ದರು. ಆ ಜನರ ಮಾತನ್ನೇ, ಒಂದು ಅಕ್ಷರ ತಿದ್ದದೆ, ಸಂಗೀತ ಸಂಯೋಜಕ ಆಡಮ್ ಕೋರ್ಕ್ ಜೊತೆ ಸೇರಿ ಹಾಡಾಗಿಸಿದರು.

ಇಷ್ಟು ಸಾಕು. ಯಾರು ಕೊಂದರು ಎಂಬ ಕುತೂಹಲ ಇಲ್ಲಿಗೇ ಮುಗಿಯಬೇಕು. ಕೊಲೆಗಾರ ಇಲ್ಲಿ ಒಂದು ಪಾತ್ರವಾಗಿ ಬರುವುದೇ ಇಲ್ಲ. ಪೊಲೀಸ್ ತನಿಖೆಯ ರೋಚಕತೆಯೂ ಇಲ್ಲ. ಅಕ್ಕಪಕ್ಕದ ಮನೆಯವರು ಏನು ಮಾತಾಡಿಕೊಂಡರು ಎಂಬುದೇ ಇಡೀ ಸಿನಿಮಾ.

ಐವರು ಸತ್ತರು ಎಂಬುದನ್ನು ಮಾತ್ರ ನಿಧಾನವಾಗಿ, ಸ್ಪಷ್ಟವಾಗಿ ಹೇಳಿ. ಯಾಕೆಂದು ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 2: ಮನೆಯ ಮಾತನ್ನು ರೆಕಾರ್ಡ್ ಮಾಡಿ, ಕೇಳಿ

ಸಿನಿಮಾ ಹಾಕುವುದಕ್ಕೆ ಒಂದೆರಡು ದಿನ ಮೊದಲು ಇದನ್ನು ಮುಗಿಸಿ. ಬೇಕಾಗುವುದು ಒಂದು ಫೋನು ಮಾತ್ರ.

ಮನೆಯಲ್ಲಿ ಯಾರನ್ನಾದರೂ ಕೇಳಿ ಒಪ್ಪಿಗೆ ತೆಗೆದುಕೊಂಡು, ಅವರು ಸಹಜವಾಗಿ ದೂರುವ ಯಾವುದಾದರೂ ವಿಷಯ ಎತ್ತಿ. ನಮ್ಮ ಕಡೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ವಿಷಯ ಎತ್ತಿದರೆ ಸಾಕು, ಮಾತು ತಾನಾಗಿ ಬರುತ್ತದೆ. ಒಂದೆರಡು ನಿಮಿಷ ರೆಕಾರ್ಡ್ ಮಾಡಿ. ಅದರಲ್ಲಿ ಹತ್ತು ಸೆಕೆಂಡಿನ ತುಂಡೊಂದನ್ನು ಆರಿಸಿ, ಕೇಳಿಸಿದ ಹಾಗೇ ಬರೆದುಕೊಳ್ಳಿ. ಉದಾಹರಣೆಗೆ ಹೀಗೊಂದು ಸಾಲು ಸಿಕ್ಕಿತು ಎನ್ನಿ:

“ಔಷಧಿ ಹೊಡ್ದಿದ್ವಿ, ಹೊಡ್ದಿದ್ವಿ ಅಂದ್ರೆ… ಒಂದ್ಸಲ ಹೊಡ್ದಿದ್ವಿ, ಎರಡ್ನೇದು ಹೊಡೀಬೇಕು ಅನ್ನೋವಷ್ಟ್ರಲ್ಲಿ, ಎಂತ, ಮಳೆ ಹಿಡ್ಕಳ್ತು ನೋಡಿ.”

ಈಗ ಇದನ್ನು ನಾಲ್ಕೈದು ಸಲ ಕೇಳಿ. ಮೊದಲ ‘ಹೊಡ್ದಿದ್ವಿ’ ಧೈರ್ಯವಾಗಿ ಕೆಳಗಿಳಿದು ನಿಲ್ಲುತ್ತದೆ. ಎರಡನೆಯದರ ಕೊನೆ ಮೇಲೇರುತ್ತದೆ, ಹೇಳಿದ್ದು ಪೂರ್ತಿ ಸರಿಯಲ್ಲ ಎಂದು ಅವರಿಗೇ ಹೊಳೆದಿದೆ. ‘ಅಂದ್ರೆ’ ಆದ ಮೇಲೆ ಒಂದು ಬಿಡುವು. ಮೂರನೇ ‘ಹೊಡ್ದಿದ್ವಿ’ ಸಣ್ಣದಾಗುತ್ತದೆ. ‘ಎಂತ’ ಎಂಬುದಕ್ಕೆ ಇಲ್ಲಿ ಅರ್ಥವಿಲ್ಲ, ಅದೊಂದು ಉಸಿರು. ‘ಹಿಡ್ಕಳ್ತು’ ಮಾತ್ರ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಇದನ್ನೇ ಪತ್ರಿಕೆಯವರು “ಒಂದು ಸಲ ಔಷಧಿ ಹೊಡೆದೆವು, ಎರಡನೆಯದಕ್ಕೆ ಮಳೆ ಬಿಡಲಿಲ್ಲ” ಎಂದು ಬರೆದರೆ ಸುದ್ದಿ ಸರಿಯಾಗೇ ಇರುತ್ತದೆ. ಹೇಳಿದವರ ಅಳುಕು, ಸಮಜಾಯಿಷಿ ಎರಡೂ ಅಲ್ಲಿಂದ ಹೋಗಿರುತ್ತವೆ.

ಮುಂದೆ, ಬಾಯಿ ಮುಚ್ಚಿ ಆ ಸಾಲಿನ ಏರಿಳಿತವನ್ನಷ್ಟೇ ಗುನುಗಿ. ಒಂದು ರಾಗದಂಥದು ಸಿಗುತ್ತದೆ. ಬೆರಳಿನಲ್ಲಿ ಲೆಕ್ಕ ಹಾಕಿ ನೋಡಿ. ಆದಿತಾಳಕ್ಕೂ ಕೂರುವುದಿಲ್ಲ, ಏಕತಾಳಕ್ಕೂ ಕೂರುವುದಿಲ್ಲ. ಕೂರಿಸಲು ಹೋಗಬೇಡಿ. ಕೋರ್ಕ್ ಮಾಡಿದ್ದು ಇದನ್ನೇ. ಮಾತು ಎಲ್ಲಿ ಏರಿತು, ಎಲ್ಲಿ ತಡವರಿಸಿತು, ಎಷ್ಟು ಬಿಡುವು ಕೊಟ್ಟಿತು ಎಂಬುದನ್ನೇ ಸ್ವರವಾಗಿ, ಲಯವಾಗಿ ಬರೆದುಕೊಂಡರು. ಹಾಡು ಮಾತಿನ ಹಿಂದೆ ಹೋಯಿತು.

ಕೊನೆಗೆ ಗುಂಪಿನ ಮೂವರು ಅದೇ ಸಾಲನ್ನು ಅದೇ ಧಾಟಿಯಲ್ಲಿ, ‘ಎಂತ’ ಸಮೇತ, ಒಟ್ಟಿಗೆ ಹೇಳಿ. ಆಗ ಏನಾಗುತ್ತದೆ ಗಮನಿಸಿ. ಒಬ್ಬರ ತೋಟದ ತೊಂದರೆ ಇಡೀ ಊರಿನ ಅಹವಾಲಿನ ಹಾಗೆ ಕೇಳಿಸಲು ಶುರುವಾಗುತ್ತದೆ. ಇದೊಂದು ಅನುಭವಕ್ಕೆ ಬಂದರೆ ಸಿನಿಮಾದ ಅರ್ಧ ಕೆಲಸ ಮುಗಿಯಿತು.

ಈ ಹಂತದಲ್ಲಿ ತಪ್ಪುವುದು ಎಲ್ಲಿ ಎಂದರೆ, ಜನ ಮನೆಯ ಒಳ್ಳೆಯ ಮಾತುಗಾರರನ್ನೇ ಆರಿಸಿಕೊಳ್ಳುತ್ತಾರೆ. ತಾಳಮದ್ದಳೆಯ ಅರ್ಥಧಾರಿ ಮಾವನನ್ನು ಕೂರಿಸಿದರೆ ಮಾತು ಚೆಂದ ಬರುತ್ತದೆ, ಆದರೆ ಈ ಕೆಲಸಕ್ಕೆ ಬರುವುದಿಲ್ಲ. ತಡವರಿಸುವವರೇ ಬೇಕು. ಇನ್ನೊಂದು, ಯಾರೋ ಉತ್ಸಾಹದಲ್ಲಿ ಹಾರ್ಮೋನಿಯಂ ತಂದು ಆ ಸಾಲಿಗೆ ರಂಗಗೀತೆಯ ಧಾಟಿ ಹಾಕಿಬಿಡುತ್ತಾರೆ. ಅಲ್ಲಿಗೆ ಅಭ್ಯಾಸ ಕೆಟ್ಟಿತು.

ನಮಗೆ ಇದು ಕಷ್ಟವಾಗಲು ಒಂದು ಕಾರಣವಿದೆ. ಯಕ್ಷಗಾನದಲ್ಲಿ ಭಾಗವತರು ಪದ್ಯ ಹೇಳುತ್ತಾರೆ, ಆಮೇಲೆ ವೇಷಧಾರಿ ಅರ್ಥ ಹೇಳುತ್ತಾರೆ. ಹಾಡಿನ ಜಾಗ ಬೇರೆ, ಮಾತಿನ ಜಾಗ ಬೇರೆ. ಕಂಪನಿ ನಾಟಕದಲ್ಲೂ ಮಾತು ನಿಂತು ಹಾಡು ಶುರುವಾಗುತ್ತಿತ್ತು, ಚೆನ್ನಾಗಿದ್ದರೆ ಜನ ‘ಒನ್ಸ್ ಮೋರ್’ ಕೂಗುತ್ತಿದ್ದರು. ಹೀಗಾಗಿ ನಮ್ಮ ಕಿವಿ ‘ಈಗ ಹಾಡು ಶುರುವಾಗುತ್ತದೆ’ ಎಂದು ಕಾಯುತ್ತದೆ. ‘ಲಂಡನ್ ರೋಡ್’ನಲ್ಲಿ ಆ ಗಡಿ ಇಲ್ಲ. ಮಾತಾಗಿ ಶುರುವಾದ ವಾಕ್ಯ ಎಲ್ಲಿ ಹಾಡಾಯಿತು ಎಂದು ನಿಮಗೇ ಗೊತ್ತಾಗುವುದಿಲ್ಲ. ಕಾಯುತ್ತಾ ಕೂತವರಿಗೆ ಹಾಡು ಬರುವುದೇ ಇಲ್ಲ.

## ಹಂತ 3: ಎರಡು ಹಾಡು, ಆಡಿಯೊ ಮಾತ್ರ

ಸಿನಿಮಾ ನೋಡುವ ಹಿಂದಿನ ದಿನ ನಾಟಕದ ಆಲ್ಬಮ್ಮಿನಿಂದ ಎರಡೇ ಹಾಡು ಕೇಳಿ. ಪೂರ್ತಿ ಬೇಡ.

ಮೊದಲನೆಯದು ‘ಎವ್ರಿವನ್ ಈಸ್ ವೆರಿ ವೆರಿ ನರ್ವಸ್’. ಎಲ್ಲರೂ ತುಂಬ ತುಂಬ ಹೆದರಿದ್ದಾರೆ ಎನ್ನುವ ಮಾತು. ಮಧ್ಯದ ‘ಅಮ್’ ಎಂಬ ತಡವರಿಕೆ, ಕೊನೆಗೆ ಸೇರಿಸುವ ‘ಬೇಸಿಕಲಿ’ ಎಂಬ ಮಾತು, ಎಲ್ಲವೂ ಸ್ವರಕ್ಕೆ ಬಂದಿವೆ. ನಮ್ಮ ಹುಡುಗರೂ ಈಗ ವಾಕ್ಯಕ್ಕೊಂದು ‘ಬೇಸಿಕಲಿ’ ಸೇರಿಸುತ್ತಾರಲ್ಲ, ಅದೇ. ಮಜ್ಜಿಗೆ ಕಡೆದ ಹಾಗೆ ಈ ಒಂದು ವಾಕ್ಯವನ್ನು ತಿರುಗಿಸಿ ತಿರುಗಿಸಿ ಕಡೆಯುತ್ತಾರೆ. ಮೊದಲ ಸಲ ಕೇಳಿದಾಗ ಅದು ಮಾಹಿತಿ. ನಾಲ್ಕನೇ ಸಲಕ್ಕೆ ನಡುಕ ತೇಲಿ ಮೇಲೆ ಬರುತ್ತದೆ.

ಎರಡನೆಯದು ‘ಇಟ್ ಕುಡ್ ಬಿ ಹಿಮ್’. ಅವನೇ ಇರಬಹುದು ಎನ್ನುವ ಅನುಮಾನದ ಹಾಡು.

ಪ್ರತಿ ಹಾಡನ್ನೂ ಎರಡು ಸಲ ಕೇಳಿ. ಮೊದಲ ಸಲ ಅರ್ಥದ ಗೊಡವೆ ಬೇಡ. ಎಷ್ಟು ದನಿಗಳಿವೆ, ಎಲ್ಲಿ ಒಂದು ದನಿ ಹಲವಾಯಿತು ಎಂದಷ್ಟೇ ಕೇಳಿ. ಎರಡನೇ ಸಲ ಕನ್ನಡ ಸಾರಾಂಶದ ಪುಟ ಮುಂದಿಟ್ಟುಕೊಂಡು ಕೇಳಿ.

“ಬಾಯಲ್ಲಿ ನಿಲ್ಲೋ ಟ್ಯೂನೇ ಇಲ್ಲ” ಎಂದು ಯಾರಾದರೂ ಹೇಳಿದರೆ ಎರಡನೇ ಹಂತ ಸರಿಯಾಗಿ ಆಗಿಲ್ಲ ಎಂದು ಅರ್ಥ. ವಾಪಸ್ ಹೋಗಿ ಅದನ್ನೇ ಮಾಡಿ, ಮುಂದಕ್ಕೆ ಹೋಗಬೇಡಿ.

## ಹಂತ 4: ಮೊದಲ ಇಪ್ಪತ್ತು ನಿಮಿಷ, ಎರಡು ಸಲ

ಮೊದಲ ಸಲ ಸಬ್‌ಟೈಟಲ್ ಆಫ್ ಮಾಡಿ. ಅರ್ಥವಾಗದಿದ್ದರೂ ಚಿಂತೆಯಿಲ್ಲ. ಸಬ್‌ಟೈಟಲ್ ಓದುವಾಗ ಕಣ್ಣು ವಾಕ್ಯದ ಕೊನೆಗೆ ಮೊದಲೇ ಹೋಗಿ ಮುಟ್ಟುತ್ತದೆ, ಹಾಡುವವರು ಇನ್ನೂ ಮಧ್ಯದಲ್ಲಿ ತಡವರಿಸುತ್ತಿರುತ್ತಾರೆ. ಬೇಸರ ಹುಟ್ಟುವುದು ಅಲ್ಲೇ. ನಮಗೆ ಸುದ್ದಿ ಆಗಲೇ ಗೊತ್ತಾಗಿದೆ, ಅವರಿನ್ನೂ ಹೇಳುತ್ತಲೇ ಇದ್ದಾರೆ ಎನಿಸುತ್ತದೆ.

ಹತ್ತು ನಿಮಿಷ ಬಿಡುವು ಕೊಟ್ಟು, ಸಬ್‌ಟೈಟಲ್ ಹಾಕಿ ಅದೇ ಇಪ್ಪತ್ತು ನಿಮಿಷ ಮತ್ತೆ ನೋಡಿ. ಈ ಸಲ ನಿಲ್ಲಿಸದೆ ಮುಂದಕ್ಕೆ ಹೋಗಿ.

## ಹಂತ 5: ಪೂರ್ತಿ ನೋಡುವಾಗ ಎಲ್ಲಿ ಗಮನ ಇಡಬೇಕು

ಕೈಯಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು ಇರಲಿ. ಕತ್ತಲಲ್ಲಿ ಒಂದೊಂದು ಪದ ಗೀಚಿಕೊಂಡರೆ ಸಾಕು, ವಾಕ್ಯ ಬೇಡ.

ಒಬ್ಬರ ಮಾತು ಎಲ್ಲರದಾಗುವ ಜಾಗ. ಯಾರೋ ಒಬ್ಬರು ಹೇಳಿದ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಮತ್ತೊಬ್ಬರು ಸೇರುತ್ತಾರೆ, ಬೀದಿಯೇ ಹಾಡುತ್ತದೆ. ನಮ್ಮ ಊರುಗಳಲ್ಲಿ ಸುದ್ದಿ ಹರಡುವ ರೀತಿಯೂ ಇದೇ ಅಲ್ವಾ? ಬೆಳಿಗ್ಗೆ ಹೋಟೆಲಿನಲ್ಲಿ ಒಬ್ಬರ ಊಹೆ, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ತೀರ್ಮಾನ. ಮೊದಲು ಹೇಳಿದವರ ಮುಖ ನೆನಪಿಟ್ಟುಕೊಳ್ಳಿ. ಗುಂಪು ಸೇರಿದ ಮೇಲೆ ಆ ಮುಖದಲ್ಲಿ ಭಯ ಕಡಿಮೆಯಾಯಿತೋ ಜಾಸ್ತಿಯಾಯಿತೋ ನೋಡಿ.

ಟ್ಯಾಕ್ಸಿ ಚಾಲಕ. ಟಾಮ್ ಹಾರ್ಡಿ ಈ ಸಣ್ಣ ಪಾತ್ರ ಮಾಡಿದ್ದಾರೆ. ದೊಡ್ಡ ನಟ ಎಂದು ಅವರು ಮತ್ತೆ ಬರುವುದನ್ನೇ ಕಾಯುತ್ತಾ ಕೂತರೆ ಉಳಿದದ್ದು ತಪ್ಪಿಹೋಗುತ್ತದೆ. ಅವರ ತುಣುಕನ್ನು ಮಾತ್ರ ಎಚ್ಚರವಾಗಿ ಕೇಳಿ. ಸರಣಿ ಕೊಲೆಗಾರರ ಬಗ್ಗೆ ತಾನು ಹುಡುಗನಾಗಿದ್ದಾಗಿನಿಂದ ಓದಿಕೊಂಡಿದ್ದೇನೆ ಎನ್ನುತ್ತಾನೆ, ಹಾಗಂತ ನಾನೇ ಒಬ್ಬ ಕೊಲೆಗಾರ ಎಂದಲ್ಲ ಎಂದು ಸೇರಿಸುತ್ತಾನೆ. ಅವನನ್ನು ಯಾರೂ ಏನೂ ಕೇಳಿಲ್ಲ. ಕೇಳದೆಯೇ ತನ್ನ ಪರವಾಗಿ ವಾದಿಸುತ್ತಿದ್ದಾನೆ. ಊರಿನ ಗಂಡಸರೆಲ್ಲ ಆ ದಿನಗಳಲ್ಲಿ ಹೇಗಿದ್ದರು ಎನ್ನುವುದಕ್ಕೆ ಈ ಒಬ್ಬನ ತಡವರಿಕೆ ಸಾಕು.

ಇಬ್ಬರು ಹುಡುಗಿಯರು. ಕಣ್ಣಿಗೆ ಬಿದ್ದ ಗಂಡಸರನ್ನೆಲ್ಲ ಅನುಮಾನಿಸುತ್ತಾ ಊರಲ್ಲಿ ಓಡಾಡುತ್ತಾರೆ. ಮೊದಲು ನಗು ಬರುತ್ತದೆ, ನಗಿ. ಆ ನಗು ಎಲ್ಲಿ ನಿಂತಿತು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಒಬ್ಬೊಬ್ಬರಿಗೆ ಒಂದೊಂದು ಕಡೆ ನಿಲ್ಲುತ್ತದೆ. ಮಾತುಕತೆಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಬಂಧನದ ನಂತರದ ಬೀದಿ. ಪೊಲೀಸರ ಟೇಪು, ಕ್ಯಾಮೆರಾ ಹೊತ್ತ ಪತ್ರಕರ್ತರು. ತಮ್ಮ ಮನೆಯ ಬಾಗಿಲಿನ ಹೊರಗೇ ಜನ ಕೈದಿಗಳ ಹಾಗಾಗುತ್ತಾರೆ. ಇಲ್ಲಿ ಯಾರು ಮಾತಾಡುತ್ತಿದ್ದಾರೆ ಎನ್ನುವುದಕ್ಕಿಂತ ಕ್ಯಾಮೆರಾ ಟೇಪಿನ ಯಾವ ಕಡೆ ನಿಂತಿದೆ ಎಂದು ನೋಡಿ.

ಹಾಡು ಬತ್ತುವ ಜಾಗ. ಬೀದಿಯಲ್ಲಿ ನಿಲ್ಲುತ್ತಿದ್ದ, ಬದುಕಿ ಉಳಿದ ಹೆಣ್ಣುಮಕ್ಕಳು ಮಾತಾಡುವ ಭಾಗ ಬರುತ್ತದೆ. ನಾವೆಲ್ಲ ಆ ಕೆಲಸ ನಿಲ್ಲಿಸಿದ್ದೇವೆ, ಆದರೆ ನಮಗೆ ಯಾರಾದರೂ ಸಹಾಯ ಮಾಡಲು ಇಷ್ಟೆಲ್ಲ ಆಗಬೇಕಾಯಿತು ಎನ್ನುವುದು ಅವರ ಮಾತಿನ ಸಾರ. ಉಳಿದವರ ಮಾತಿಗೆ ದೊಡ್ಡ ಗುಂಪುಹಾಡಿನ ಬೆಂಬಲವಿದೆ. ಇವರ ಮಾತಿಗೆ ಅದಿಲ್ಲ. ಮಾತಿನ ನಡುವಿನ ಬಿಡುವೇ ಜಾಸ್ತಿ. ಆ ಬಿಡುವಿನಲ್ಲಿ ಯಾರೂ ಪಿಸುಗುಡಬಾರದು ಎಂದು ಗುಂಪಿಗೆ ಮೊದಲೇ ಹೇಳಿಡಿ. ನನ್ನ ಮಟ್ಟಿಗೆ ಇಡೀ ಸಿನಿಮಾದ ಹೃದಯ ಈ ಕೆಲವೇ ನಿಮಿಷಗಳು. ನೋಡಿದವರಲ್ಲಿ ಬಹಳ ಜನರಿಗೆ ಇದು ನೆನಪೇ ಇರುವುದಿಲ್ಲ.

ಬಣ್ಣ. ಮೊದಲರ್ಧ ಬೂದು, ಕೊನೆಗೆ ಹೂವಿನ ಬುಟ್ಟಿಗಳ ಬಣ್ಣ. ಇದು ಎಲ್ಲರಿಗೂ ಕಾಣುವ ಸಂಗತಿ. ನನಗೆ ಸ್ವಲ್ಪ ಜಾಸ್ತಿಯೇ ಆಯಿತು ಅನಿಸುತ್ತದೆ, ಇದರ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ. ಬೀದಿ ಹೂವಿನಿಂದ ತುಂಬಿದಾಗ ಆ ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂದು ಮಾತ್ರ ಹುಡುಕಿ.

## ಹಂತ 6: ನಾಟಕದ ಪಕ್ಕ ಇಟ್ಟು ನೋಡುವುದು

ನಾಟಕ ನೋಡುವ ಅವಕಾಶ ನಮಗಿಲ್ಲ. ಆಲ್ಬಮ್ ಮತ್ತು ಕೆಲವು ಸಂಗತಿ ಸಾಕು. ನಾಟಕವನ್ನೂ ಸಿನಿಮಾವನ್ನೂ ನಿರ್ದೇಶಿಸಿದವರು ಒಬ್ಬರೇ, ರೂಫಸ್ ನಾರಿಸ್. ನ್ಯಾಷನಲ್ ಥಿಯೇಟರಿನ ಚಿಕ್ಕ ರಂಗಮಂದಿರದಲ್ಲಿ 11 ನಟರೇ ಎಲ್ಲ ಪಾತ್ರ ಹಂಚಿಕೊಂಡು ಮಾಡಿದರು. ನೆರೆಮನೆಯವರಾಗಿದ್ದವರೇ ಪತ್ರಕರ್ತರೂ ಆಗುತ್ತಿದ್ದರು.

ಕಾಗದದ ಮೇಲೆ ಎರಡು ಕಾಲಮ್ ಹಾಕಿ, ಕ್ಯಾಮೆರಾ ಕೊಟ್ಟದ್ದು ಒಂದು ಕಡೆ, ಕಿತ್ತುಕೊಂಡದ್ದು ಇನ್ನೊಂದು ಕಡೆ ಬರೆಯಿರಿ. ಕೊಟ್ಟದ್ದರಲ್ಲಿ ಮುಖ್ಯವಾದದ್ದು ಬೀದಿ. ಮನೆಗಳು ಎಷ್ಟು ಹತ್ತಿರ, ಒಬ್ಬರ ಕಿಟಕಿಯಿಂದ ಇನ್ನೊಬ್ಬರ ಬಾಗಿಲು ಹೇಗೆ ಕಾಣುತ್ತದೆ ಎಂಬುದು ರಂಗದ ಮೇಲೆ ಇಷ್ಟು ಸಿಗದು. ಹೋದದ್ದು ಆ 11 ಜನರ ಬಿಗಿತ. ರಂಗದಲ್ಲಿ ಅನುಮಾನಿಸುವವರೂ ಅನುಮಾನಕ್ಕೆ ಒಳಗಾದವರೂ ಅದೇ ಬೆರಳೆಣಿಕೆಯ ಮುಖಗಳು. ಸಿನಿಮಾದಲ್ಲಿ ದೊಡ್ಡ ಗುಂಪು ಬಂತು, ಊರು ಊರಾಗಿ ಕಂಡಿತು, ಆದರೆ ಆ ಉಸಿರುಗಟ್ಟುವಿಕೆ ಸ್ವಲ್ಪ ಸಡಿಲವಾಯಿತು.

ಇನ್ನೊಂದು ಬದಲಾವಣೆ ತಪ್ಪದೆ ಗಮನಿಸಿ. ನಾಟಕದಲ್ಲಿ ಜೂಲಿ ಎಂಬ ಗೃಹಿಣಿಯ ಪಾತ್ರ ಮಾಡಿದ್ದು ಕೇಟ್ ಫ್ಲೀಟ್‌ವುಡ್. ಸಿನಿಮಾದಲ್ಲಿ ಆ ಪಾತ್ರ ಒಲಿವಿಯಾ ಕೋಲ್ಮನ್ ಅವರದು. ಫ್ಲೀಟ್‌ವುಡ್ ಸಿನಿಮಾದಲ್ಲಿ ಲೈಂಗಿಕ ವೃತ್ತಿಯ ವಿಕಿ ಆಗಿದ್ದಾರೆ. ಮೂರನೇ ಹಂತದ ಆಲ್ಬಮ್ಮಿನಲ್ಲಿ ಬೀದಿಯ ಒಳಗಿನಿಂದ ಕೇಳಿಬಂದ ದನಿಯೇ ಸಿನಿಮಾದಲ್ಲಿ ಬೀದಿಗೆ ಬೇಡವಾದವರ ಕಡೆಯಿಂದ ಕೇಳುತ್ತದೆ. ಇದನ್ನು ತಿಳಿದು ಎರಡನೇ ಸಲ ನೋಡಿದರೆ ವಿಕಿಯ ಪ್ರತಿ ದೃಶ್ಯವೂ ಭಾರವಾಗುತ್ತದೆ.

## ಹಂತ 7: ಮಾತುಕತೆ

ಮುಗಿದ ಕೂಡಲೇ “ಹೆಂಗಿತ್ತು?” ಎಂದು ಕೇಳಬೇಡಿ. ಆ ಪ್ರಶ್ನೆಗೆ “ಚೆನ್ನಾಗಿತ್ತು” ಅಥವಾ “ಬೋರು” ಎಂಬ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅವರ ಕಾಲದಲ್ಲಿ ನೀನಾಸಂನ ಚಿತ್ರ ರಸಗ್ರಹಣ ಶಿಬಿರಗಳು ನಮ್ಮ ಜಿಲ್ಲೆಗೆ ಸಿನಿಮಾವನ್ನು ಕೂತು ಚರ್ಚಿಸುವ ಅಭ್ಯಾಸ ಕೊಟ್ಟವು. ಅದನ್ನು ಬಳಸಿಕೊಳ್ಳಿ.

ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ಕಂಡದ್ದು, ಕೇಳಿದ್ದು ಮಾತ್ರ ಹೇಳಲಿ. ಅಭಿಪ್ರಾಯ ಬೇಡ. ನಗು ನಿಂತ ಜಾಗ ಯಾವುದು, ಯಾವ ಸಾಲು ಕಿವಿಯಲ್ಲಿ ಉಳಿಯಿತು, ಇಷ್ಟೇ.

ಎರಡನೇ ಸುತ್ತಿನಲ್ಲಿ ಜೂಲಿಯ ವಿಷಯಕ್ಕೆ ಬನ್ನಿ. ಹೂವು ಬೆಳೆಸುವ, ಮಕ್ಕಳ ಚಿಂತೆ ಮಾಡುವ, ನಮ್ಮ ಪಕ್ಕದ ಮನೆಯಲ್ಲೂ ಇರಬಹುದಾದ ಹೆಂಗಸು. ಅವಳು ಕೊನೆಯ ಭಾಗದಲ್ಲಿ, ಆ ಹೆಣ್ಣುಮಕ್ಕಳು ಬೀದಿಯಿಂದ ಹೋಗಿದ್ದಕ್ಕೆ ಕೊಲೆಗಾರನ ಕೈ ಕುಲುಕಬೇಕು ಅನಿಸುತ್ತದೆ ಎನ್ನುವ ಮಾತಾಡುತ್ತಾಳೆ. ಯಾರೋ ಲೇಖಕರು ಹೊಸೆದ ಸಾಲಲ್ಲ ಇದು. ರೆಕಾರ್ಡರಿನ ಮುಂದೆ ನಿಜವಾಗಿ ಬಂದ ಮಾತು.

ಇಲ್ಲಿ ಗುಂಪು ಎರಡಾಗುತ್ತದೆ. ಕೆಲವರು ಅವಳನ್ನು ರಾಕ್ಷಸಿ ಎನ್ನುತ್ತಾರೆ. ಕೆಲವರು, ಪಾಪ, ಅವಳು ಅನುಭವಿಸಿದ್ದು ಅವಳಿಗೇ ಗೊತ್ತು ಎನ್ನುತ್ತಾರೆ. ಎರಡೂ ಅವಸರದ ಮಾತು. ನಡೆಸಿಕೊಡುವವರು ಒಂದೇ ಪ್ರಶ್ನೆ ಕೇಳಲಿ: ಈ ಸಾಲು ಬರುವ ತನಕ ನಿಮಗೆ ಜೂಲಿ ಇಷ್ಟವಾಗಿದ್ದಳೇ? ಹೆಚ್ಚಿನವರು ಹೌದು ಎನ್ನುತ್ತಾರೆ. ಹಾಗಾದರೆ ಅವಳ ಮಾತಿನಲ್ಲಿ ಈ ಕಹಿ ಮೊದಲು ಎಲ್ಲಿ ಕೇಳಿಸಿತ್ತು, ಆಗ ನಾವು ಯಾಕೆ ಅದನ್ನು ಬಿಟ್ಟುಕೊಟ್ಟೆವು ಎಂದು ನೋಟ್‌ಬುಕ್ಕು ತೆಗೆದು ಹುಡುಕಿ. ಆ ದೃಶ್ಯಗಳನ್ನು ಮತ್ತೆ ಹಾಕಿ ನೋಡಿ.

ಸತ್ತ ಐವರ ಬದುಕು ಈ ಸಿನಿಮಾದಲ್ಲಿ ಇಲ್ಲ. ಅವರ ಬಗ್ಗೆ ಬೇರೆಯವರು ಆಡುವ ಮಾತು ಇದೆ. ಇದು ದೊಡ್ಡ ಕೊರತೆ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ನನಗೆ ಅನಿಸುವುದು ಬೇರೆ. ಒಂದು ಬೀದಿ ತನ್ನ ನೆಮ್ಮದಿ ಮರಳಿ ಪಡೆಯುವಾಗ ಯಾರನ್ನು ಮರೆಯುತ್ತದೆ ಎಂಬುದೇ ಇಲ್ಲಿನ ವಿಷಯ. ಆದರೆ ಆ ಐವರನ್ನು ನೆನಪಿಡುವ ಹೊಣೆ ನೋಡುವವರ ಮೇಲೆ ಬೀಳುತ್ತದೆ. ಒಂದನೇ ಹಂತದಲ್ಲಿ ಜೋರಾಗಿ ಹೇಳಿ ಎಂದಿದ್ದು ಅದಕ್ಕೇ.

ನಮ್ಮ ಊರಿನಲ್ಲಿ ನಡೆದ ಯಾವುದೋ ಘಟನೆಗೆ ಚರ್ಚೆ ಹಾರಿಬಿಡುವುದು ಸಹಜ. ಮೂರನೇ ಸುತ್ತಿನ ತನಕ ತಡೆಯಿರಿ. ಮೊದಲೇ ಹಾರಿದರೆ ಸಿನಿಮಾ ಅಲ್ಲೇ ಬಿದ್ದಿರುತ್ತದೆ, ಜನ ತಮ್ಮ ಹಳೇ ಜಗಳ ಮುಂದುವರಿಸುತ್ತಾರೆ.

## ದಾರಿ ತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ

ಯಾರಾದರೂ ಫೋನಿನಲ್ಲಿ ಕೊಲೆಗಾರನ ಫೋಟೊ ಹುಡುಕುತ್ತಿದ್ದರೆ ಒಂದನೇ ಹಂತ ಸರಿಯಾಗಿಲ್ಲ. ನಿಲ್ಲಿಸಿ, ಮತ್ತೊಮ್ಮೆ ಓದಿ ಹೇಳಿ.

ಗುಂಪುಹಾಡಿನ ನಡುವೆ ಮಾತುಕತೆ ಶುರುವಾದರೆ ಶಬ್ದ ಸಾಲದು ಎಂದೇ ತಿಳಿಯಿರಿ. ಜನರನ್ನು ಬೈಯುವ ಮೊದಲು ಸ್ಪೀಕರ್ ಜಾಗ ಬದಲಿಸಿ.

ಎಲ್ಲದಕ್ಕೂ ನಗುತ್ತಿದ್ದಾರಾ? ಸಾಮಾನ್ಯ ಜನ ಸಾಮಾನ್ಯ ಮಾತನ್ನು ಹಾಡುವುದು ವಿಚಿತ್ರವಾಗಿ ಕಾಣುತ್ತದೆ, ಮೊದಲ ಹತ್ತು ನಿಮಿಷ ನಕ್ಕರೆ ತೊಂದರೆಯಿಲ್ಲ. ಅರ್ಧ ಗಂಟೆಯಾದರೂ ನಗು ನಿಲ್ಲದಿದ್ದರೆ ಆ ದಿನ ಅಲ್ಲಿಗೇ ಮುಗಿಸಿ, ಇನ್ನೊಂದು ದಿನ ಎರಡನೇ ಹಂತದಿಂದ ಹಿಡಿಯಿರಿ. ಬಲವಂತವಾಗಿ ಕೂರಿಸಿ ಮುಗಿಸಿದರೆ ಮತ್ತೆ ಆ ಗುಂಪು ಇದರ ಹತ್ತಿರ ಬರುವುದಿಲ್ಲ.

## ಇದಾದ ಮೇಲೆ ಯಾವುದು

ಒಂದೆರಡು ವಾರ ಬಿಟ್ಟು, ರಂಗದಿಂದ ತೆರೆಗೆ ಬಂದ ಬೇರೆ ಹಾಡುನಾಟಕಗಳನ್ನು ನೋಡಿ. ಮೊದಲು ಬಾಬ್ ಫಾಸಿ ಅವರ ‘ಕ್ಯಾಬರೆ’, 1972ರದು. ನಾಟಕದಲ್ಲಿ ಪಾತ್ರಗಳು ಮನೆಯಲ್ಲೂ ಹಾಡುತ್ತಿದ್ದವು. ಫಾಸಿ ಅದನ್ನೆಲ್ಲ ತೆಗೆದು ಹಾಡನ್ನು ಕ್ಲಬ್ಬಿನ ರಂಗಕ್ಕೆ ಸೀಮಿತ ಮಾಡಿದರು. ಒಂದೇ ಒಂದು ಹಾಡು ಹೊರಗೆ, ಜನ ಕೂತ ತೋಟದಲ್ಲಿ ಬರುತ್ತದೆ. ಹಾಡುವ ಹುಡುಗ ನಾಜಿ ಸಮವಸ್ತ್ರದಲ್ಲಿದ್ದಾನೆ, ಸುತ್ತ ಇದ್ದವರು ಒಬ್ಬೊಬ್ಬರಾಗಿ ಎದ್ದು ದನಿಗೂಡಿಸುತ್ತಾರೆ. ‘ಲಂಡನ್ ರೋಡ್’ನಲ್ಲಿ ಒಬ್ಬರ ಮಾತು ಎಲ್ಲರದಾಗುವುದನ್ನು ಗುರುತು ಹಾಕಿಕೊಂಡ ಪುಟ ಇದಕ್ಕೂ ಉಪಯೋಗಕ್ಕೆ ಬರುತ್ತದೆ.

ಆಮೇಲೆ 2012ರ ‘ಲೆ ಮಿಸರಾಬ್ಲ್’. ಅದರಲ್ಲಿ ನಟರು ಶೂಟಿಂಗ್ ಜಾಗದಲ್ಲೇ ಕ್ಯಾಮೆರಾ ಮುಂದೆ ಹಾಡಿದ್ದಾರೆ, ಅಳು ಬಂದ ಕಡೆ ಸ್ವರ ಮುರಿದಿದೆ. ಅಲ್ಲಿಯೂ ಸಬ್‌ಟೈಟಲ್ ಇಲ್ಲದೆ ಒಂದು ಹಾಡು ಕೇಳಿ ಶುರುಮಾಡಿ. 1973ರ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಕೊನೆಗೆ ಇರಲಿ. ಮರುಭೂಮಿಗೆ ಬಸ್ಸಿನಲ್ಲಿ ಬಂದಿಳಿಯುವ ತಂಡ, ನಡುವೆ ನುಗ್ಗುವ ಯುದ್ಧದ ಟ್ಯಾಂಕುಗಳು, ಇವನ್ನೆಲ್ಲ ನೋಡುವಾಗ ಕಥೆ ಮೊದಲೇ ಗೊತ್ತಿದ್ದರೆ ಕಣ್ಣಿಗೆ ಬಿಡುವು ಸಿಗುತ್ತದೆ. ಈ ಮೂರಕ್ಕೂ ರೆಕಾರ್ಡಿಂಗ್ ಅಭ್ಯಾಸ ಬೇಡ, ಉಳಿದ ಅನುಕ್ರಮ ಹಾಗೇ ಇರಲಿ.